ಅರಬ್ಬರ ಚೌಕಳಿ ವಸ್ತ್ರ: ಹೊದೆಯುವವರಿಗೂ ನೋಡುವವರಿಗೂ ಒಂದು ಮಾತು

ಕಪ್ಪು ಬಿಳಿ ಚೌಕಳಿಯ ಅರಬ್ಬೀ ವಸ್ತ್ರವೊಂದು ಈಚಿನ ವರ್ಷಗಳಲ್ಲಿ ಲೋಕದ ಕಣ್ಣಿಗೆ ಬಿದ್ದಿದೆ. ಇದನ್ನು ಕೆಫಿಯೆ ಎನ್ನುತ್ತಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ಪಡೆಯವರು ಇಸ್ರೇಲಿನ ಮೇಲೆ ಎರಗಿ ಸುಮಾರು 1,200 ಜನರನ್ನು ಕೊಂದರು. ಅನಂತರ ಇಸ್ರೇಲ್ ಗಾಜಾದಲ್ಲಿ ನಡೆಸಿದ ಯುದ್ಧದಲ್ಲಿ ಸತ್ತವರ ಸಂಖ್ಯೆ, ಅಲ್ಲಿಯ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ಜುಲೈ ಅಂತ್ಯಕ್ಕೆ 60 ಸಾವಿರವನ್ನು ಮೀರಿತು. ಅಂದಿನಿಂದ ದೇಶದೇಶಗಳ ಮೆರವಣಿಗೆಗಳಲ್ಲಿ ಈ ವಸ್ತ್ರವು ಕಾಣಿಸತೊಡಗಿತು. ನಮ್ಮ ತರುಣರಲ್ಲಿಯೂ ಕೆಲವರು ಬಿಸಿಲಿಗೋ, ಧೂಳಿಗೋ, ಶೋಕಿಗೋ ಇದನ್ನು ಕೊರಳಿಗೆ ಸುತ್ತಿಕೊಳ್ಳುವುದುಂಟು. ಹೀಗಿರಲಾಗಿ ಈ ಬಟ್ಟೆ ಏನು, ಇದರ ಅರ್ಥವೇನು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇವೆ.

ಮೂಲದಲ್ಲಿ ಇದು ರೈತನ ಬಟ್ಟೆ, ಮರುಭೂಮಿಯಲ್ಲಿ ಪಶು ಕಾಯುವವನ ಬಟ್ಟೆ. ಬಿಸಿಲಿಗೆ ತಲೆಯ ಮೇಲೆ, ಮರಳಗಾಳಿಗೆ ಮುಖದ ಮೇಲೆ, ಬೆವರಿಗೆ ಕೈಯಲ್ಲಿ. ನಮ್ಮ ಗದ್ದೆಯವನ ಮುಂಡಾಸು ಮಾಡುವ ಕೆಲಸವನ್ನೇ, ನಮ್ಮ ಹೋಟೆಲಿನ ಮಾಣಿಯ ಹೆಗಲ ಮೇಲಿನ ಬೈರಾಸು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಬಂಧುಗಳು ಇದರ ಬಗೆಬಗೆಯ ರೂಪಗಳನ್ನು ಬಲ್ಲರು. ಅಲ್ಲಿ ಶುಭ್ರ ಬಿಳಿಯದೂ ಉಂಟು. ಸೌದಿ, ಜೋರ್ಡಾನ್ ದೇಶಗಳಲ್ಲಿ ಕೆಂಪು ಬಿಳಿ ಚೌಕಳಿಯದೂ ಉಂಟು. ತಲೆಯ ಮೇಲೆ ಅದು ಜಾರದಂತೆ ಕಪ್ಪು ಹುರಿಯ ಬಳೆಯನ್ನು ಇಡುತ್ತಾರೆ. ಕಪ್ಪು ಬಿಳಿಯದು ಮಾತ್ರ ಪ್ಯಾಲೆಸ್ತೀನಿಯರ ಗುರುತಾಗಿ ನಿಂತಿದೆ. ಅದರ ಹೆಣಿಗೆಯಲ್ಲಿ ಮೀನಿನ ಬಲೆಯನ್ನೂ ಆಲಿವ್ ಎಲೆಯನ್ನೂ ಕಾಣುವವರಿದ್ದಾರೆ.

ಹೊಲದ ಬಟ್ಟೆ ರಾಜಕೀಯದ ಬಟ್ಟೆಯಾದುದು ಬ್ರಿಟಿಷರ ಆಳ್ವಿಕೆಯಲ್ಲಿ. 1936ರಿಂದ 1939ರ ವರೆಗೆ ಪ್ಯಾಲೆಸ್ತೀನಿನಲ್ಲಿ ಬ್ರಿಟಿಷರ ವಿರುದ್ಧವೂ ಯಹೂದ್ಯರ ವಲಸೆಯ ವಿರುದ್ಧವೂ ದಂಗೆ ನಡೆಯಿತು. ದಂಗೆಯೆದ್ದವರಲ್ಲಿ ಬಹುಮಂದಿ ಹಳ್ಳಿಗರು. ಅವರ ತಲೆಯ ಮೇಲೆ ಕೆಫಿಯೆ. ಪಟ್ಟಣದ ಸುಶಿಕ್ಷಿತರ ತಲೆಯ ಮೇಲೆ ಕೆಂಪು ತುರ್ಕಿ ಟೋಪಿ. ಹಳ್ಳಿಗನು ಪಟ್ಟಣಕ್ಕೆ ಬಂದೊಡನೆ ಬಟ್ಟೆಯಿಂದಲೇ ಸಿಕ್ಕಿಬೀಳುವಂತಾಯಿತು. ಆಗ, 1938ರಲ್ಲಿ, ಪಟ್ಟಣಿಗರೂ ಟೋಪಿಯನ್ನು ಬಿಟ್ಟು ಕೆಫಿಯೆಯನ್ನೇ ಧರಿಸಬೇಕೆಂದು ದಂಗೆಯ ಮುಖಂಡರು ಆಜ್ಞೆ ಮಾಡಿದರು. ಎಲ್ಲರ ತಲೆಯೂ ಒಂದೇ ಬಗೆಯಾದ ಮೇಲೆ ಸಿಪಾಯಿ ಯಾರನ್ನು ಹಿಡಿಯಬೇಕು?

ಮುಂಬಯಿಯವರಿಗೆ ಇದು ಅರ್ಥವಾಗದ ಸಂಗತಿಯಲ್ಲ. 1920ರ ದಶಕದಲ್ಲಿ ಖಾದಿಯ ಬಿಳಿ ಟೋಪಿಯನ್ನು ಕಂಡರೆ ಆಂಗ್ಲ ಅಧಿಕಾರಿಗಳು ಕೆರಳುತ್ತಿದ್ದರು. ಅದೇ ಟೋಪಿ ಸ್ವರಾಜ್ಯ ಬಂದ ಮೇಲೆ ಮಂತ್ರಿಗಳ ತಲೆಯನ್ನೇರಿತು. 2011ರಲ್ಲಿ ಅಣ್ಣಾ ಹಜಾರೆಯವರ ಚಳವಳಿಯಲ್ಲಿ ಆ ಮಂತ್ರಿಗಳನ್ನೇ ಪ್ರಶ್ನಿಸುವವರ ತಲೆಯನ್ನೇರಿತು. ಊಟದ ಡಬ್ಬಿ ಹೊರುವ ಡಬ್ಬಾವಾಲಾ ಯಾವ ಪಕ್ಷದ ಗೊಡವೆಯೂ ಇಲ್ಲದೆ ಅದನ್ನು ಧರಿಸುತ್ತಾನೆ. ಬಟ್ಟೆ ಒಂದೇ, ಅರ್ಥ ಹಲವು. ಧರಿಸಿದವನು ಯಾರು, ಯಾವ ಕಾಲ, ಯಾವ ಸ್ಥಳ ಎಂಬುದನ್ನು ಕೇಳದೆ ಟೋಪಿಯೊಂದನ್ನೇ ನೋಡಿ ತೀರ್ಪು ಕೊಟ್ಟರೆ ಅನ್ಯಾಯವಾದೀತು.

1974ರ ನವೆಂಬರ್ 13ರಂದು ಯಾಸರ್ ಅರಾಫತರು ಇದೇ ವಸ್ತ್ರವನ್ನು ಧರಿಸಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತನಾಡಿದರು. ಅಂದಿನಿಂದ ಅವರ ಮುಖವನ್ನೂ ಈ ಬಟ್ಟೆಯನ್ನೂ ಲೋಕವು ಬೇರ್ಪಡಿಸಿ ನೋಡಲಿಲ್ಲ. ಇದು ಮುಸಲ್ಮಾನರ ಧಾರ್ಮಿಕ ಉಡುಪೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಪ್ಯಾಲೆಸ್ತೀನಿನ ಕ್ರೈಸ್ತರೂ ಇದನ್ನು ಧರಿಸುತ್ತಾರೆ. ಇದು ಮತದ ಚಿಹ್ನೆಯಲ್ಲ, ನೆಲದ ಚಿಹ್ನೆ. ಹೆಬ್ರೋನ್ ಪಟ್ಟಣದಲ್ಲಿ 1961ರಲ್ಲಿ ಆರಂಭವಾದ ಹಿರ್ಬಾವಿ ಎಂಬ ಕಾರ್ಖಾನೆ ಇದನ್ನು ಮಗ್ಗದಲ್ಲಿ ನೇಯುತ್ತ ಬಂದಿದೆ. ಚೀನಾದ ಅಗ್ಗದ ಸರಕು ಮಾರುಕಟ್ಟೆಗೆ ನುಗ್ಗಿದ ಮೇಲೆ ಅಲ್ಲಿಯ ಅನೇಕ ಮಗ್ಗಗಳು ಸದ್ದಡಗಿದವು. ಬೀದಿಯಲ್ಲಿ ಅಗ್ಗಕ್ಕೆ ಕೊಂಡು ಸುತ್ತಿಕೊಳ್ಳುವವನಿಗೆ ಅದು ಯಾರ ಗುರುತೆಂಬುದೂ ತಿಳಿಯದು, ಅದರಿಂದ ಯಾರ ಮಗ್ಗ ನಿಂತಿತೆಂಬುದೂ ತಿಳಿಯದು.

ಅರಿಯದೆ ಧರಿಸುವುದಕ್ಕಿಂತ ಅರಿಯದೆ ದೂಷಿಸುವುದು ಹೆಚ್ಚಿನ ಅಪಾಯ. 2008ರಲ್ಲಿ ಅಮೇರಿಕದ ಡಂಕಿನ್ ಡೋನಟ್ಸ್ ಕಂಪೆನಿಯ ಜಾಹೀರಾತಿನಲ್ಲಿ ಮಹಿಳೆಯೊಬ್ಬರು ಕಪ್ಪು ಬಿಳಿಯ ವಸ್ತ್ರವೊಂದನ್ನು ಕೊರಳಿಗೆ ಹಾಕಿಕೊಂಡಿದ್ದರು. ಇದು ಭಯೋತ್ಪಾದಕರ ಬಟ್ಟೆ ಎಂದು ಕೂಗೆದ್ದಿತು. ಕಂಪೆನಿ ಜಾಹೀರಾತನ್ನು ಹಿಂತೆಗೆಯಿತು. ಅದರ ಮೇಲಿದ್ದುದು ನಮ್ಮ ಸೀರೆಯಂಚಿನಲ್ಲಿ ಕಾಣುವಂಥ ಮಾವಿನಕಾಯಿಯ ಚಿತ್ತಾರ! ಇದು ನಗುವ ಸಂಗತಿ. 2023ರ ನವೆಂಬರಿನಲ್ಲಿ ಅದೇ ದೇಶದ ಬರ್ಲಿಂಗ್ಟನ್ ಪಟ್ಟಣದಲ್ಲಿ ಪ್ಯಾಲೆಸ್ತೀನೀ ಮೂಲದ ಮೂವರು ವಿದ್ಯಾರ್ಥಿಗಳಿಗೆ ಬೀದಿಯಲ್ಲೇ ಗುಂಡು ತಗುಲಿತು. ಅವರಲ್ಲಿ ಇಬ್ಬರು ಕೆಫಿಯೆ ಹೊದೆದಿದ್ದರು. ಇದು ನಗುವ ಸಂಗತಿಯಲ್ಲ. 2024ರಲ್ಲಿ ನ್ಯೂಯಾರ್ಕಿನ ನೊಗುಚಿ ವಸ್ತುಸಂಗ್ರಹಾಲಯವು ಈ ವಸ್ತ್ರ ಧರಿಸಿದ ಮೂವರು ನೌಕರರನ್ನು ಕೆಲಸದಿಂದ ತೆಗೆಯಿತು. ಅದನ್ನು ಪ್ರತಿಭಟಿಸಿ ಲೇಖಕಿ ಝುಂಪಾ ಲಾಹಿರಿಯವರು ಆ ಸಂಸ್ಥೆಯ ಪ್ರಶಸ್ತಿಯನ್ನು ಬೇಡವೆಂದರು.

ಅಮೇರಿಕದ ಮಾತು ನಮಗೇಕೆಂದು ಕೇಳುವವರು ನಮ್ಮ ಪವಾಯಿಯನ್ನೇ ನೋಡಬಹುದು. 2023ರ ನವೆಂಬರಿನಲ್ಲಿ ಇಲ್ಲಿಯ ಐ.ಐ.ಟಿ.ಯ ತರಗತಿಯೊಂದರಲ್ಲಿ ಪ್ಯಾಲೆಸ್ತೀನನ್ನು ಕುರಿತ ಸಾಕ್ಷ್ಯಚಿತ್ರವನ್ನು ತೋರಿಸಿ, ರಂಗಕರ್ಮಿ ಸುಧನ್ವ ದೇಶಪಾಂಡೆಯವರು ಮಾತನಾಡಿದುದಕ್ಕೆ ದೂರುಗಳು ಬಂದವು, ಹೊರಗೆ ಪ್ರತಿಭಟನೆ ನಡೆಯಿತು. ಅದೇ ತಿಂಗಳು ಪ್ರೊಫೆಸರ್ ಅಚಿನ್ ವನಾಯಕರ ಉಪನ್ಯಾಸವೂ ರದ್ದಾಯಿತು. 2025ರ ಜುಲೈಯಲ್ಲಿ ಗಾಜಾ ಕುರಿತ ಸಭೆಗೆ ಅನುಮತಿ ಕೋರಿದ ಕಮ್ಯುನಿಸ್ಟ್ ಪಕ್ಷಗಳ ಅರ್ಜಿಯನ್ನು ಮುಂಬಯಿ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ಆಗಸ್ಟಿನಲ್ಲಿ ಪೊಲೀಸರ ಅನುಮತಿ ದೊರೆತು ಆಜಾದ್ ಮೈದಾನದಲ್ಲಿ ಸಭೆ ನಡೆಯಿತು. ಭಾರತ ಸರಕಾರವು 1988ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದೆ. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧವನ್ನೂ ಬೆಳೆಸಿದೆ. ಹೀಗಿರುವಾಗ ಒಂದು ಬಟ್ಟೆಯನ್ನು ಹೊದೆದ ಮಾತ್ರಕ್ಕೆ ದೇಶದ್ರೋಹವೆನ್ನುವುದು ಅವಿವೇಕ. ಆದರೆ ಇದೇ ನಗರದಲ್ಲಿ ಬೆನೆ ಇಸ್ರೇಲೀ ಯಹೂದ್ಯರು ತಲೆಮಾರುಗಳಿಂದ ಬಾಳಿದ್ದಾರೆಂಬುದನ್ನು ಧರಿಸುವವರೂ ಮರೆಯಬಾರದು. ಅಕ್ಟೋಬರ್ 7ರ ಸಾವುಗಳಿಗೆ ಅತ್ತ ನೆರೆಯವನು ಈ ಬಟ್ಟೆಯಲ್ಲಿ ಬೇರೊಂದನ್ನು ಕಾಣಬಹುದು.

ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. 1980ರಲ್ಲಿ ಹುಟ್ಟಿದ ರಾಜ್ಯ ರೈತಸಂಘದ ಹಸಿರು ಶಾಲು ನೇಗಿಲು ಹಿಡಿದವನಿಗೆ ಕಚೇರಿಯ ಮೆಟ್ಟಿಲೇರುವ ಧೈರ್ಯವನ್ನು ಕೊಟ್ಟಿತು. ಅದೇ ಶಾಲು 2022ರಲ್ಲಿ ಕೇಸರಿಯಾಗಿ, ತಲೆವಸ್ತ್ರಕ್ಕೆ ಎದುರಾಗಿ ಉಡುಪಿ, ಕುಂದಾಪುರಗಳ ಕಾಲೇಜಿನ ಅಂಗಳಕ್ಕೆ ಬಂದಾಗ ನೆರೆಹೊರೆಯ ಮಕ್ಕಳೇ ಎದುರುಬದುರು ನಿಂತರು. ರಾಜ್ಯದ ಉಚ್ಚ ನ್ಯಾಯಾಲಯ ಮಾರ್ಚ್ 15ರಂದು ಸರಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಭಿನ್ನಮತ ಬಂದಿತು. ನ್ಯಾಯಮೂರ್ತಿಗಳಿಗೇ ಒಮ್ಮತವಾಗದ ವಿಷಯದಲ್ಲಿ ಹೋಟೆಲಿನ ಕಟ್ಟೆಯ ಮೇಲೆ ಕುಳಿತು ಕ್ಷಣದಲ್ಲಿ ತೀರ್ಪು ಕೊಡುವ ಆತುರ ನಮಗೆ ಬೇಡ.

ಆದುದರಿಂದ ನಮ್ಮ ಹೋಟೆಲ್ ಕಾರ್ಮಿಕರಿಗೂ ಗುಮಾಸ್ತ ಬಂಧುಗಳಿಗೂ ಹೇಳುವುದಿಷ್ಟೆ. ಈ ವಸ್ತ್ರವನ್ನು ಧರಿಸಬೇಕೆನಿಸಿದರೆ ಅದರ ಕಥೆಯನ್ನು ಮೊದಲು ತಿಳಿದುಕೊಳ್ಳಿರಿ. ಯಾರಾದರೂ ಏಕೆಂದು ಕೇಳಿದರೆ ಶಾಂತವಾಗಿ ನಾಲ್ಕು ಮಾತು ಹೇಳುವಷ್ಟಾದರೂ ತಿಳಿದಿರಲಿ. ಬರಿಯ ಶೋಕಿಗೆ ಬೇಕಾದರೆ ಬೇರೆ ಬಟ್ಟೆಗಳು ಬೇಕಾದಷ್ಟಿವೆ. ಪರರ ದುಃಖದ ಗುರುತನ್ನು ವಿನೋದಕ್ಕೆ ಬಳಸುವುದು ಸಭ್ಯತೆಯಲ್ಲ. ಹೋಟೆಲಿನ ಧಣಿಗಳಿಗೂ ಒಂದು ಮಾತು: ದುಡಿಮೆಯ ವೇಳೆಯಲ್ಲಿ ಒಂದೇ ಸಮವಸ್ತ್ರವಿರಲೆನ್ನುವುದು ನ್ಯಾಯವೇ. ಆದರೆ ಚೌಕಳಿಗೆ ಒಂದು ನಿಯಮ, ಕೇಸರಿಗೆ ಇನ್ನೊಂದು ನಿಯಮ ಎಂದಾದರೆ ಅದು ನಿಯಮವಲ್ಲ, ಪಕ್ಷಪಾತ. ಕೆಲಸ ಮುಗಿಸಿ ಹೊರಗೆ ಹೋದವನ ಹೆಗಲು ಅವನದೇ.

ಹೊಟ್ಟೆಪಾಡಿಗಾಗಿ ಪರಊರಿಗೆ ಬಂದವರು ನಾವು. ನಮ್ಮ ಪಂಚೆ, ನಮ್ಮ ಭಾಷೆ, ನಮ್ಮ ಕುಂಕುಮವನ್ನು ಈ ಊರು ಗೌರವದಿಂದ ಕಾಣಬೇಕೆಂದು ಬಯಸುವ ನಾವು, ಇನ್ನೊಬ್ಬರ ಬಟ್ಟೆಯನ್ನು ಕಂಡಾಗ ಮೊದಲು ಅದರ ಅರ್ಥವನ್ನು ಕೇಳುವ ಸೌಜನ್ಯವನ್ನು ತೋರಬೇಕು. ನಮ್ಮ ವಾಚಕರಲ್ಲಿ ಆ ವಿವೇಕವು ಇದೆಯೆಂದೇ ನಮ್ಮ ನಂಬಿಕೆ.