ನೀಲಮಣಿ: ಕಲ್ಲಿನ ಗುಣವೆಷ್ಟು, ಮನದ ಭಯವೆಷ್ಟು?

ನಗರದ ಆಭರಣದ ಅಂಗಡಿಗಳಲ್ಲಿ ಒಂದು ದೃಶ್ಯ ಮೇಲಿಂದ ಮೇಲೆ ಕಾಣಬರುತ್ತದೆ. ಮಧ್ಯವಯಸ್ಸಿನ ದಂಪತಿಗಳು ಬಂದು ಕುಳಿತುಕೊಳ್ಳುತ್ತಾರೆ. ಗೃಹಸ್ಥನ ಜೇಬಿನಲ್ಲಿ ಜೋಯಿಸರು ಬರೆದುಕೊಟ್ಟ ಚೀಟಿ. ಗೃಹಿಣಿಯ ಕೈಚೀಲದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಎರಡು ಚಿನ್ನದ ಬಳೆ. ಮಗನಿಗೆ ಕೆಲಸ ದೊರೆತಿಲ್ಲ. ಇಲ್ಲವೆ ಮಗಳ ಮದುವೆ ನಿಶ್ಚಯದವರೆಗೆ ಬಂದು ಮುರಿದುಹೋಗಿದೆ. ಏಳರಾಟ ಶನಿ ಹಿಡಿದಿದೆ, ನೀಲವನ್ನು ಧರಿಸಬೇಕು ಎಂದು ಜಾತಕ ನೋಡಿದವರು ಹೇಳಿದ್ದಾರೆ. ಅಂಗಡಿಯಾತ ಬಿಳಿಯ ಕಾಗದದ ಪೊಟ್ಟಣವನ್ನು ಬಿಡಿಸುತ್ತಾನೆ. ಗಂಡ ಕೈ ಚಾಚುವಷ್ಟರಲ್ಲಿ ಹೆಂಡತಿ ತಡೆಯುತ್ತಾಳೆ: “ಸ್ವಲ್ಪ ತಾಳಿ ಅಂದ್ರೆ, ಮುಟ್ಟಬೇಡಿ.”

ಅಂಗಡಿಯಾತನಿಗೆ ಇದು ಹೊಸತಲ್ಲ. “ತೊಗೊಂಡು ಹೋಗಿ ತಾಯಿ, ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ನೋಡಿ. ಕೆಟ್ಟ ಕನಸು ಬಿದ್ದರೆ ವಾಪಸು ತನ್ನಿ” ಎನ್ನುತ್ತಾನೆ.

ವಜ್ರವನ್ನಾಗಲಿ ಮುತ್ತನ್ನಾಗಲಿ ಯಾರೂ ಹೀಗೆ ದಿಂಬಿನ ಕೆಳಗೆ ಇಟ್ಟು ಪರೀಕ್ಷಿಸುವುದು ಸಾಮಾನ್ಯವಲ್ಲ. ನವರತ್ನಗಳ ಪೈಕಿ ಈ ಮಟ್ಟಿನ ಭಯಭಕ್ತಿ ಸಲ್ಲುವುದು ನೀಲಕ್ಕೆ. ಒಲಿದರೆ ಅರಸನನ್ನಾಗಿ ಮಾಡುತ್ತದೆ, ಮುನಿದರೆ ಮನೆಯನ್ನೇ ಮುಳುಗಿಸುತ್ತದೆ ಎಂಬ ಮಾತನ್ನು ಕೇಳದವರು ವಿರಳ. ಈ ಕಲ್ಲಿನಲ್ಲಿ ನಿಜವಾಗಿ ಏನಿದೆ, ಮನುಷ್ಯನ ಮನಸ್ಸು ಅದರ ಮೇಲೆ ಏನನ್ನು ಹೇರಿದೆ ಎಂಬುದನ್ನು ಬೇರ್ಪಡಿಸಿ ನೋಡುವುದು, ಬಳೆಗಳನ್ನು ಮಾರುವುದಕ್ಕೆ ಮುಂಚೆಯೇ ಆಗಬೇಕಾದ ಕೆಲಸ.

ಶನಿಯ ಲೆಕ್ಕ

ಶನೈಶ್ಚರನೆಂದರೆ ಮೆಲ್ಲಗೆ ನಡೆಯುವವನು ಎಂದರ್ಥ. ಪ್ರಾಚೀನರು ಈ ಹೆಸರನ್ನು ಸುಮ್ಮನೆ ಇಡಲಿಲ್ಲ. ಶನಿಗ್ರಹವು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು ೨೯½ ವರ್ಷ ಹಿಡಿಯುತ್ತದೆ. ಹನ್ನೆರಡು ರಾಶಿಗಳಲ್ಲಿ ಒಂದೊಂದನ್ನು ದಾಟಲು ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಹೀಗೆ ಮೂರು ರಾಶಿಗಳ ಸಂಚಾರ ಕೂಡಿ ಏಳೂವರೆ ವರ್ಷವಾಗುತ್ತದೆ. ಇದೇ ಏಳರಾಟ, ಉತ್ತರದವರ ಸಾಡೇಸಾತಿ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಬಹುದು. ಯಾವ ದಿನ ಎಣಿಸಿದರೂ ಹನ್ನೆರಡರಲ್ಲಿ ಮೂರು ರಾಶಿಗಳವರು ಏಳರಾಟದಲ್ಲಿಯೇ ಇರುತ್ತಾರೆ. ಎಂದರೆ, ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು! ಅವರಲ್ಲಿ ಕೆಲಸ ಸಿಕ್ಕವರೂ ಇದ್ದಾರೆ, ಕಳೆದುಕೊಂಡವರೂ ಇದ್ದಾರೆ; ಮದುವೆಯಾದವರೂ ಇದ್ದಾರೆ, ಮದುವೆ ಮುರಿದವರೂ ಇದ್ದಾರೆ. ಮತ್ತೊಂದು ವಿನೋದವೆಂದರೆ, ನೀಲವರ್ಣನೆಂದು ಧ್ಯಾನಿಸಲ್ಪಡುವ ಶನಿಯನ್ನು ದೂರದರ್ಶಕದಲ್ಲಿ ನೋಡಿದರೆ ಅವನು ತಿಳಿಹಳದಿಯಾಗಿ, ಹೊಂಬಣ್ಣದವನಾಗಿ ಕಾಣುತ್ತಾನೆ.

ತಂದೆ ಮಕ್ಕಳು ಒಂದೇ ಕುಲ

ರಸಾಯನಶಾಸ್ತ್ರದ ದೃಷ್ಟಿಯಲ್ಲಿ ನೀಲವು ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳು ಕೂಡಿ ಆದ ಹರಳು. ಅಡಿಗೆಮನೆಯ ಪಾತ್ರೆಯಲ್ಲಿರುವ ಲೋಹ, ಉಸಿರಾಡುವ ಗಾಳಿಯಲ್ಲಿರುವ ಅನಿಲ, ಇವೆರಡೇ. ಈ ಖನಿಜವನ್ನು ಕನ್ನಡದಲ್ಲಿ ಕುರಂದ ಎನ್ನುತ್ತಾರೆ. ಇಂಗ್ಲಿಷರ ‘ಕೊರಂಡಮ್’ ಎಂಬ ಶಬ್ದವೂ ದಕ್ಷಿಣ ಭಾರತದ ಭಾಷೆಗಳಿಂದಲೇ ಹೋದದ್ದು. ಸಂಸ್ಕೃತದ ಕುರುವಿಂದವೂ ಇದರ ನಂಟೇ. ಹಳೆಯ ಮೈಸೂರು ಸೀಮೆಯ ಹಲವು ಕಡೆ ಸಾಧಾರಣ ಕುರಂದ ದೊರೆಯುತ್ತದೆ. ಅದರ ಪುಡಿಯನ್ನು ಅರಗಿನಲ್ಲಿ ಬೆರೆಸಿ ಸಾಣೆಯ ಚಕ್ರ ಮಾಡುವುದು ನಮ್ಮ ದೇಶದ ಹಳೆಯ ಕಸುಬು. ಕಾಠಿಣ್ಯದ ಮೋಸ್ ಮಾನದಲ್ಲಿ ವಜ್ರಕ್ಕೆ ೧೦, ಕುರಂದಕ್ಕೆ ೯. ಕತ್ತಿಯನ್ನು ಮಸೆಯುವ ಕಲ್ಲಿಗೂ ಕಿರೀಟದ ರತ್ನಕ್ಕೂ ಕುಲ ಒಂದೇ.

ಶುದ್ಧವಾದ ಕುರಂದಕ್ಕೆ ಬಣ್ಣವಿಲ್ಲ. ಅದರಲ್ಲಿ ಕಬ್ಬಿಣ ಮತ್ತು ಟೈಟಾನಿಯಂಗಳ ಅತ್ಯಲ್ಪ ಅಂಶ, ನೂರಕ್ಕೆ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ, ಸೇರಿದರೆ ನೀಲಿ ಬಣ್ಣ ಬರುತ್ತದೆ. ಕ್ರೋಮಿಯಂ ಸೇರಿದರೆ ಕೆಂಪಾಗಿ ಮಾಣಿಕ್ಯವೆನಿಸುತ್ತದೆ. ಪುಷ್ಯರಾಗವೆಂದು ಅಂಗಡಿಗಳಲ್ಲಿ ಮಾರುವ ಹಳದಿಯ ಹರಳು ಕೂಡ ಬಹಳ ಸಲ ಕುರಂದವೇ.

ಪುರಾಣದಲ್ಲಿ ಶನಿಯು ಸೂರ್ಯನ ಮಗ, ತಂದೆಮಕ್ಕಳಿಗೆ ಸರಿಬಾರದು. ಆದುದರಿಂದ ಸೂರ್ಯನ ಮಾಣಿಕ್ಯವನ್ನೂ ಶನಿಯ ನೀಲವನ್ನೂ ಒಂದೇ ಕೈಯಲ್ಲಿ ಧರಿಸಬಾರದೆಂದು ಜೋಯಿಸರು ವಿಧಿಸುತ್ತಾರೆ. ಭೂಗರ್ಭದಲ್ಲಾದರೋ ಈ ವೈರದ ಸುಳಿವಿಲ್ಲ. ತಂದೆಯ ರತ್ನ, ಮಗನ ರತ್ನ, ಮಂಗಳಕರನಾದ ಗುರುವಿನ ರತ್ನ ಮೂರೂ ಒಂದೇ ದ್ರವ್ಯದಿಂದ ಆದವು. ಒಂದು ಚಿಟಿಕೆ ಕಲ್ಮಷವಷ್ಟೇ ಅವುಗಳ ನಡುವಿನ ವ್ಯತ್ಯಾಸ.

ಬೆಟ್ಟ ಜಾರಿದಾಗ

ನೀಲಗಳಲ್ಲೆಲ್ಲ ಶ್ರೇಷ್ಠವೆಂದು ಹೆಸರಾದದ್ದು ಕಾಶ್ಮೀರದ ನೀಲ. ಅದರ ಕಥೆ ಬಹಳ ಚಿಕ್ಕದು. ಸುಮಾರು ೧೮೮೧ರಲ್ಲಿ ಪಾಡರ್ ಪ್ರಾಂತದ ಸೂಮ್‌ಜಾಮ್ ಎಂಬ ಹಳ್ಳಿಯ ಮೇಲ್ಗಡೆ, ಸಮುದ್ರಮಟ್ಟಕ್ಕೆ ೪,೫೦೦ ಮೀಟರುಗಳಷ್ಟು ಎತ್ತರದಲ್ಲಿ, ಬೆಟ್ಟದ ಮಗ್ಗುಲು ಜಾರಿ ಬಿದ್ದಿತು. ಬಿರಿದ ನೆಲದಲ್ಲಿ ನೀಲಿಯ ಹರಳುಗಳು ಹೊಳೆದವು. ಮೊದಮೊದಲು ಅವುಗಳ ಬೆಲೆಯನ್ನರಿಯದ ಜನ ಉಪ್ಪಿಗೆ ಸಮತೂಕವಾಗಿ ಅವನ್ನು ಕೊಟ್ಟರೆಂದು ಹೇಳುತ್ತಾರೆ. ಸುದ್ದಿ ತಿಳಿದೊಡನೆ ಕಾಶ್ಮೀರದ ಮಹಾರಾಜರು ಕಾವಲು ಹಾಕಿಸಿದರು. ವರ್ಷದ ಬಹುಭಾಗ ಹಿಮ ಮುಚ್ಚಿರುವ ಆ ಎಡೆಯಲ್ಲಿ ಅಗೆತ ಸಾಧ್ಯವಾಗುವುದು ಬೇಸಿಗೆಯ ಕೆಲವೇ ವಾರ. ೧೮೮೭ರ ವೇಳೆಗೆ ಆ ಸಮೃದ್ಧವಾದ ನಿಧಿ ಮುಗಿದೇ ಹೋಯಿತು. ಆಮೇಲೆ ಅಲ್ಲಿ ದೊರೆತದ್ದು ಅಲ್ಪ. ನವಿಲಿನ ಕೊರಳಿನಂತೆ ಮೃದುವಾದ ಆ ಬಣ್ಣಕ್ಕೆ ರತ್ನ ವ್ಯಾಪಾರಿಗಳು ಇಂದಿಗೂ ಕನವರಿಸುತ್ತಾರೆ.

ಬಹುಕಾಲದಿಂದ ಜಗತ್ತಿಗೆ ನೀಲವನ್ನು ಒದಗಿಸುತ್ತ ಬಂದದ್ದು ಸಿಂಹಳ. ಅಲ್ಲಿನ ರತ್ನಪುರದ ಸುತ್ತ ಗದ್ದೆಗಳ ನಡುವೆ ಬಾವಿಯಂಥ ಗುಂಡಿ ತೋಡಿ, ತಳದ ಜಲ್ಲಿಮಣ್ಣನ್ನು ಮೇಲಕ್ಕೆತ್ತಿ, ಬುಟ್ಟಿಯಲ್ಲಿ ತೊಳೆದು ಹರಳನ್ನು ಆರಿಸುತ್ತಾರೆ.

ಒಬ್ಬರಿಗೆ ನಿಷ್ಠೆ, ಒಬ್ಬರಿಗೆ ನಡುಕ

ನಮ್ಮವರು ಅಂಜಿ ಮುಟ್ಟುವ ಈ ಕಲ್ಲನ್ನು ಯೂರೋಪಿನವರು ಆಕಾಶದ ತುಣುಕೆಂದು ಭಾವಿಸಿದರು. ಮಧ್ಯಯುಗದ ಬಿಷಪ್ಪರು ಸ್ವರ್ಗದ ನೆನಪಿಗಾಗಿ ನೀಲದ ಉಂಗುರ ತೊಡುತ್ತಿದ್ದರು. ಅಲ್ಲಿ ಅದು ದಾಂಪತ್ಯನಿಷ್ಠೆಯ ಸಂಕೇತವೂ ಹೌದು. ೧೯೮೧ರಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಡಯಾನಾಳಿಗೆ ತೊಡಿಸಿದ್ದು ಸಿಂಹಳದ ೧೨ ಕ್ಯಾರಟ್ ನೀಲದ ಉಂಗುರ. ಅದನ್ನೇ ೨೦೧೦ರಲ್ಲಿ ಮಗ ವಿಲಿಯಂ ತನ್ನ ವಧುವಿಗೆ ಕೊಟ್ಟ. ಡಯಾನಾಳ ದುರಂತಕ್ಕೆ ಆ ಕಲ್ಲೇ ಕಾರಣವೆಂದು ಬೆರಳು ತೋರಿಸುವವರು ಇಲ್ಲದಿಲ್ಲ. ವಜ್ರದ ಉಂಗುರ ತೊಟ್ಟು ದುಃಖಪಟ್ಟವರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ.

ಭಯವು ಕಲ್ಲಿನಲ್ಲಿಲ್ಲ, ಕಥೆಯಲ್ಲಿದೆ ಎಂಬುದಕ್ಕೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿರುವ ‘ದಿಲ್ಲಿಯ ನೇರಳೆ ನೀಲ’ವೇ ಸಾಕ್ಷಿ. ೧೮೫೭ರ ದಂಗೆಯಲ್ಲಿ ಕಾನ್ಪುರದ ಇಂದ್ರನ ಗುಡಿಯಿಂದ ಕರ್ನಲನೊಬ್ಬ ಅದನ್ನು ಲೂಟಿ ಮಾಡಿದನಂತೆ. ಅವನ ಆರೋಗ್ಯ, ಐಶ್ವರ್ಯ ಎರಡೂ ಹೋದವಂತೆ. ೧೮೯೦ರಲ್ಲಿ ಅದು ಎಡ್ವರ್ಡ್ ಹೆರನ್-ಅಲನ್ ಎಂಬ ವಿದ್ವಾಂಸನ ಕೈಗೆ ಬಂದಿತು. ಅವನಿಂದ ಅದನ್ನು ಪಡೆದ ಗಾಯಕಿಯೊಬ್ಬಳು ಮತ್ತೆ ಹಾಡಲಾರದೆ ಹೋದಳು. ಕಾಲುವೆಗೆ ಎಸೆದರೆ ಮೂರು ತಿಂಗಳಲ್ಲಿ ಅದೇ ಕಲ್ಲು ವ್ಯಾಪಾರಿಯೊಬ್ಬನ ಮೂಲಕ ಹಿಂದಿರುಗಿ ಬಂತು. ಹೀಗೆಂದು ಪತ್ರ ಬರೆದಿಟ್ಟು, ಏಳು ಪೆಟ್ಟಿಗೆಗಳೊಳಗೆ ಅದನ್ನು ಮುಚ್ಚಿಟ್ಟ. ಅವನು ೧೯೪೩ರಲ್ಲಿ ತೀರಿಕೊಂಡ ಮೇಲೆ ಅದು ಮ್ಯೂಸಿಯಂ ಸೇರಿತು. ಆ ಕಲ್ಲು ನೀಲವೇ ಅಲ್ಲ! ಅಮೆಥಿಸ್ಟ್ ಎಂಬ ನೇರಳೆ ಬಣ್ಣದ ಸ್ಫಟಿಕ. ಕುರಂದದ ಜಾತಿಗೇ ಸೇರಿದ್ದಲ್ಲ. ಹೆರನ್-ಅಲನ್ ೧೯೨೧ರಲ್ಲಿ ಬೇರೊಂದು ಹೆಸರಿನಲ್ಲಿ ‘ನೇರಳೆ ನೀಲ’ ಎಂಬ ಕಥೆಯನ್ನೂ ಬರೆದಿದ್ದ. ಶಾಪದ ವೃತ್ತಾಂತವೆಲ್ಲ ಅವನದೇ ಕಲ್ಪನೆಯೆಂಬ ಸಂಶಯಕ್ಕೆ ಇದು ಎಡೆಕೊಟ್ಟಿದೆ.

ಬೆಂಕಿಯಲ್ಲಿ ಹುಟ್ಟಿದ ನೀಲ

ಕೊಳ್ಳುವವರು ಅಂಜಬೇಕಾದದ್ದು ಕಲ್ಲಿಗಲ್ಲ, ಬೇರೊಂದು ಸಂಗತಿಗೆ. ಸಿಂಹಳದಲ್ಲಿ ‘ಗೆವುಡ’ ಎಂಬ ಹಾಲುಬಣ್ಣದ ಮಬ್ಬು ಕುರಂದವನ್ನು ಒಂದು ಕಾಲಕ್ಕೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ೧೯೭೦ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅದನ್ನು ಅಗ್ಗದ ಬೆಲೆಗೆ ಕೊಂಡೊಯ್ದರು. ೧,೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಕುಲುಮೆಯಲ್ಲಿ ಕಾಯಿಸಿದರು. ಮಬ್ಬಿಗೆ ಕಾರಣವಾದ ಟೈಟಾನಿಯಂ ಹರಳಿನೊಳಗೆ ಕರಗಿ, ಕಬ್ಬಿಣದೊಡನೆ ಕೂಡಿ, ಕಡುನೀಲಿ ಹೊಮ್ಮಿತು. ಇಂದು ಅಂಗಡಿಗೆ ಬರುವ ನೀಲಗಳಲ್ಲಿ ಹೆಚ್ಚಿನವು ಬೆಂಕಿ ಕಂಡವೇ. ಇದು ಮೋಸವಲ್ಲ, ಹೇಳದೆ ಮಾರುವುದು ಮೋಸ. ಕಾಯಿಸದ ಕಲ್ಲಿಗೂ ಕಾಯಿಸಿದ್ದಕ್ಕೂ ಬೆಲೆಯಲ್ಲಿ ಭಾರಿ ಅಂತರವಿದೆ.

ಇನ್ನು ಕಾರ್ಖಾನೆಯ ನೀಲ. ಫ್ರಾನ್ಸಿನ ಆಗಸ್ಟ್ ವೆರ್ನೂಯಿ ಎಂಬಾತ ಉರಿಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ೧೯೦೨ರಲ್ಲಿ ಪ್ರಕಟಿಸಿದ. ಕೆಲವೇ ವರ್ಷಗಳಲ್ಲಿ ನೀಲವನ್ನೂ ಬೆಳೆಸಿದ. ಈ ಕೃತಕ ಕುರಂದದಿಂದ ಲೋಕಕ್ಕಾದ ಉಪಕಾರ ಅಷ್ಟಿಷ್ಟಲ್ಲ. ಅಜ್ಜನ ಎಚ್.ಎಂ.ಟಿ. ಕೈಗಡಿಯಾರದ ಮುಖದ ಮೇಲೆ ‘೧೭ ಜ್ಯೂಯೆಲ್ಸ್’ ಎಂದಿದ್ದರೆ, ಚಕ್ರಗಳ ಅಚ್ಚು ಸವೆಯದಂತೆ ಒಳಗೆ ಕೂಡಿಸಿದ ಇಂಥ ಹರಳುಗಳೇ ಅವು. ೨೦೧೪ರಲ್ಲಿ ನೊಬೆಲ್ ಬಹುಮಾನ ಪಡೆದ ನೀಲಿ ಎಲ್.ಇ.ಡಿ.ಯನ್ನು ಜಪಾನಿನ ವಿಜ್ಞಾನಿಗಳು ಬೆಳೆಸಿದ್ದು ಬಣ್ಣವಿಲ್ಲದ ಕೃತಕ ಕುರಂದದ ಬಿಲ್ಲೆಯ ಮೇಲೆ. ಇಂದು ಮನೆಮನೆಯ ಎಲ್.ಇ.ಡಿ. ದೀಪಗಳ ಬೆಳಕಿಗೆ ಬಹುಮಟ್ಟಿಗೆ ಈ ಬಿಲ್ಲೆಯೇ ತಳಹದಿ.

ಹಾಲಿನ ಬಟ್ಟಲು ಸಾಲದು

ನೂರುಪಟ್ಟು ಹಾಲಿನಲ್ಲಿ ಇಟ್ಟಾಗ ಹಾಲನ್ನೆಲ್ಲ ನೀಲಿಯಾಗಿಸುವುದೇ ಮಹಾನೀಲವೆಂದು ಗರುಡಪುರಾಣದ ರತ್ನಪರೀಕ್ಷೆಯಲ್ಲಿ ಹೇಳಿದೆ. ಅದು ಬಣ್ಣದ ಗಾಢತೆಯನ್ನು ಹೊಗಳುವ ಮಾತು. ಕಡುನೀಲಿ ಗಾಜೂ ತನ್ನ ಛಾಯೆಯನ್ನು ತೋರೀತು. ಆದುದರಿಂದ ಅಸಲಿ ನಕಲಿಗಳನ್ನು ಹಾಲು ಬೇರ್ಪಡಿಸಲಾರದು. ಗಾತ್ರಕ್ಕೆ ನೀಲವು ನೀರಿಗಿಂತ ನಾಲ್ಕು ಪಟ್ಟು ಭಾರ, ಸಾಧಾರಣ ಗಾಜು ಎರಡೂವರೆ ಪಟ್ಟು; ತೂಕದಿಂದ ಗಾಜನ್ನು ಹಿಡಿಯಬಹುದು. ಕೃತಕ ನೀಲವಾದರೋ ತೂಕ, ಕಾಠಿಣ್ಯ ಎಲ್ಲದರಲ್ಲಿಯೂ ನಿಸರ್ಗದ್ದಕ್ಕೆ ಸಮ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಗುಟ್ಟು ತಿಳಿಯುತ್ತದೆ. ಭೂಮಿಯಲ್ಲಿ ಬೆಳೆದುದರ ಬಣ್ಣದ ಪಟ್ಟೆಗಳು ನೆಟ್ಟಗೆ, ಕೋನ ಕೋನವಾಗಿರುತ್ತವೆ. ಉರಿಯಲ್ಲಿ ಬೆಳೆಸಿದುದರ ಪಟ್ಟೆಗಳು ಬಾಗಿರುತ್ತವೆ, ನಡುವೆ ಗುಳ್ಳೆಗಳೂ ಕಂಡಾವು. ಆದುದರಿಂದ ರತ್ನಪರೀಕ್ಷೆಯ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳುವುದೇ ಸರಿ. ನಿಸರ್ಗದ್ದೇ? ಕಾಯಿಸಿದ್ದೇ? ಬಿರುಕಿಗೆ ಗಾಜು ತುಂಬಿದ್ದೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬರುವುದು ಕ್ಷೇಮ.

ನಂಬಿಕೆಯುಳ್ಳವರು ನೀಲವನ್ನು ಧರಿಸಬಾರದೆಂದೇನೂ ಇಲ್ಲ. ಚೆಲುವಾದ ಕಲ್ಲು ಬೆರಳಿನಲ್ಲಿದ್ದರೆ ಮನಸ್ಸಿಗೆ ಧೈರ್ಯ ಬರುವುದೂ ಉಂಟು. ಆದರೆ ಧೈರ್ಯವನ್ನು ಸಾಲ ಮಾಡಿ ಕೊಳ್ಳಬೇಕಾಗಿಲ್ಲ. ಮೂರು ರಾತ್ರಿ ದಿಂಬಿನ ಕೆಳಗೆ ನೀಲವನ್ನಿಟ್ಟು ಮಲಗುವ ತಾಯಿಗೆ ಕೆಟ್ಟ ಕನಸು ಬೀಳುವುದು ಸಹಜ. ಮಾರಿದ ಬಳೆಗಳ, ಕೆಲಸವಿಲ್ಲದ ಮಗನ ಚಿಂತೆಯೂ ಅದೇ ದಿಂಬಿನ ಮೇಲಿರುತ್ತದೆಯಲ್ಲವೆ? ಆ ಕನಸಿಗೆ ಕಲ್ಲನ್ನು ದೂರಿ ಫಲವಿಲ್ಲ. ಬಳೆಗಳು ಕೈಯಲ್ಲಿಯೇ ಉಳಿದರೆ ಮಗನ ಓದಿಗೋ ಮಗಳ ಮದುವೆಗೋ ಒಂದು ದಿನ ಒದಗಿಬಂದಾವು. ಮೆಲ್ಲಗೆ ನಡೆಯುವ ಶನೈಶ್ಚರನು, ಉಂಗುರವಿದ್ದರೂ ಇಲ್ಲದಿದ್ದರೂ, ಎರಡೂವರೆ ವರ್ಷಕ್ಕೊಮ್ಮೆ ಮುಂದಿನ ರಾಶಿಗೆ ಹೊರಟೇ ಹೊರಡುತ್ತಾನೆ.