ಸೋಗಿನ ಗಿರಾಕಿಯ ಲಾಭ ನಷ್ಟ
ಆನೆದಂತ, ಚಿಪ್ಪುಹಂದಿಯ ಚಿಪ್ಪು, ನಕ್ಷತ್ರ ಆಮೆ, ಮೂಢನಂಬಿಕೆ ‘ಎರಡು ತಲೆ ಹಾವು’ ಎಂದು ಹೆಸರಿಟ್ಟಿರುವ ಮಣ್ಣುಮುಕ್ಕ ಹಾವು, ಇವುಗಳ ಮಾರಾಟದಲ್ಲಿ ದೂರು ಕೊಡಬಲ್ಲ ಸಂತ್ರಸ್ತರೇ ಇಲ್ಲವಾದ್ದರಿಂದ, ಬೆಂಗಳೂರಿನ ಪೊಲೀಸರು ಗಿರಾಕಿಗಳ ಸೋಗಿನಲ್ಲಿ ಮಾರಾಟಗಾರರನ್ನು ಹಿಡಿಯುವ ಮಾರ್ಗವನ್ನು ನೆಚ್ಚಿಕೊಂಡಿರುವುದು ಸಹಜವೇ ಆಗಿದೆ. ನಗರಕ್ಕೂ ಕಾಡಿಗೂ ನಂಟು ಹತ್ತಿರದ್ದೇ: ಕಾವೇರಿ ವನ್ಯಧಾಮದ ಕಡೆಯಿಂದ ಬರುವ ಕನಕಪುರ ರಸ್ತೆ ನಗರದ ಕುಮಾರಸ್ವಾಮಿ ಲೇಔಟ್ ಬಡಾವಣೆಯ ಮಗ್ಗುಲಲ್ಲೇ ಹಾಯುತ್ತದೆ, ತುರಹಳ್ಳಿ ಕಾಡೂ ದೂರವಿಲ್ಲ. ಕಾಡಿನ ಅಪರಾಧ ಕಾಡಿನಲ್ಲೇ ಮುಗಿಯುತ್ತದೆಂಬ ಭಾವನೆ ಈ ಬಡಾವಣೆಗಳವರಿಗೆ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 57ನೇ ಕಲಮಿನ ಪ್ರಕಾರ, ಇಂಥ ವಸ್ತು ಆರೋಪಿಯ ವಶದಲ್ಲಿತ್ತೆಂದು ಸಾಬೀತಾದರೆ ಅದು ಕಾನೂನುಬದ್ಧವೆಂದು ತೋರಿಸುವ ಹೊಣೆ ಆತನದೇ ಆಗುವುದರಿಂದ, ಮಾಲು ಕೈಯಲ್ಲಿರುವಾಗಲೇ ಹಿಡಿಯುವ ಈ ವಿಧಾನಕ್ಕೆ ನ್ಯಾಯಾಲಯದಲ್ಲಿ ಬಲವುಂಟು. ಆದರೆ ಅದೇ ಕಾಯ್ದೆಯ 55ನೇ ಕಲಮು, ಮುಖ್ಯವಾಗಿ ಸರ್ಕಾರದಿಂದ ಅಧಿಕಾರ ಪಡೆದ ಅಧಿಕಾರಿಯೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕೆಂದು ವಿಧಿಸುತ್ತದೆ; ಠಾಣೆಯ ಆರೋಪಪಟ್ಟಿಯನ್ನಷ್ಟೇ ನಂಬಿದ ಪ್ರಕರಣ ಈ ತಾಂತ್ರಿಕ ಕಾರಣಕ್ಕೇ ಬಿದ್ದುಹೋಗಬಹುದು. ಸೋಗಿನ ಗಿರಾಕಿ ಭಾರಿ ಬೆಲೆ ಕೂಗಿದಾಗ, ಇಲ್ಲದ ಮಾರುಕಟ್ಟೆಯ ವದಂತಿ ಹಬ್ಬಿ ಹೊಸಬರು ಹಾವು ಹುಡುಕಲು ಹೊರಡುವ ಅಪಾಯವೂ ಇದೆ (ಪತ್ರಿಕೆಗಳು ಅಚ್ಚುಹಾಕುವ ‘ಕೋಟಿ ಮೌಲ್ಯ’ದ ಶೀರ್ಷಿಕೆಗಳು ಇದಕ್ಕೆ ಕಡಿಮೆ ನೆರವಾಗಿಲ್ಲ). ದೊಡ್ಡ ಅಪರಾಧಿಗೆ ಇಂಥ ಬಲೆಯೊಂದೇ ಸಾಲದು: 2004ರಲ್ಲಿ ದಂತಚೋರ ವೀರಪ್ಪನ್‌ನ ಅಂತ್ಯಕ್ಕೆ ದಾರಿ ಮಾಡಿದ್ದು ಅವನ ವಲಯದೊಳಗೆ ವೇಷ ಮರೆಸಿ ನುಸುಳಿದ ತಮಿಳುನಾಡು ಪೊಲೀಸರ ತಾಳ್ಮೆಯೇ ಹೊರತು ಒಂದು ಸಂಜೆಯ ಬಲೆಯಲ್ಲ. ಮಾಲು ತಂದ ಕೂಲಿಯ ಬಂಧನಕ್ಕೇ ನಿಲ್ಲದೆ, ಅವನ ದೂರವಾಣಿ ಕರೆ ಮತ್ತು ಹಣದ ಜಾಡು ಹಿಡಿದು ಖರೀದಿದಾರನವರೆಗೂ ಹೋಗುವುದಾದರೆ ಮಾತ್ರ ಈ ಕಾರ್ಯಾಚರಣೆಗಳಿಗೆ ತಗಲುವ ವೆಚ್ಚ ಸಾರ್ಥಕ.