ಉಳಿದವರು ಕಂಡದ್ದನ್ನೂ ಕೇಳಿ



೨೦೧೪ರ ಮಾರ್ಚಿಯಲ್ಲಿ ತೆರೆ ಕಂಡ ರಕ್ಷಿತ್ ಶೆಟ್ಟರ ‘ಉಳಿದವರು ಕಂಡಂತೆ’ ಚಿತ್ರದ ಬಗ್ಗೆ ನಮ್ಮವರಲ್ಲಿ ಇಂದಿಗೂ ಒಮ್ಮತವಿಲ್ಲ. ದೊಡ್ಡ ಖರ್ಚಿಲ್ಲದೆ ತೆಗೆದ ಕೊಲೆ-ಹೊಡೆದಾಟದ ಕಥೆ. ಅದರೊಳಗೇ ತಾಯಿ-ಮಗನ ಕರುಳು, ಪ್ರೇಮ, ಅಷ್ಟಮಿಯ ಹುಲಿವೇಷ ಎಲ್ಲವೂ ಇದೆ. ಬಿಡುಗಡೆಯಾದಾಗ ಹಣ ತರಲಿಲ್ಲ. ವರ್ಷ ಕಳೆದಂತೆ ಮೆಚ್ಚುವವರು ಹೆಚ್ಚಿದರು.

“ತಲೆಬುಡ ತಿಳಿಯಲಿಲ್ಲ, ದುಡ್ಡು ದಂಡ” ಎನ್ನುವವರು ಒಂದು ಕಡೆ. “ಮಲ್ಪೆಯ ಕಡಲು, ನಮ್ಮ ಕಡೆಯ ಮಾತು ತೆರೆಯ ಮೇಲೆ ಬಂತಲ್ಲ, ಅಷ್ಟೇ ಸಾಕು” ಎನ್ನುವವರು ಇನ್ನೊಂದು ಕಡೆ.

ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಚಿತ್ರದ ನಡೆ ನಿಧಾನವೆಂಬುದು ನಿಜ. ದಿನವಿಡೀ ನಿಂತು ದುಡಿದವನು ಆಕಳಿಸಿದರೆ ಅವನನ್ನು ದಡ್ಡನೆನ್ನಬಾರದು. ಟಿಕೇಟಿನ ದುಡ್ಡು ಅವನದು, ಅಭಿಪ್ರಾಯವೂ ಅವನದೇ. ಹಾಗೆಂದು ಊರಿನ ಮಾತು ಕಿವಿಗೆ ಬಿತ್ತೆಂದು ಮಾತ್ರ ಹೊಗಳುವುದೂ ತರವಲ್ಲ.

ತಿರುಳು ಬೇರೆಯೇ ಇದೆ. ಪತ್ರಕರ್ತೆಯೊಬ್ಬಳು ಒಂದೇ ಘಟನೆಯನ್ನು ಹಲವರ ಬಾಯಿಂದ ಕೇಳುತ್ತಾಳೆ. ಒಬ್ಬೊಬ್ಬರು ಕಂಡದ್ದು ಒಂದೊಂದು ಬಗೆ. ಇದು ನಮಗೆ ಹೊಸದೇ? ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಧಣಿಯದೊಂದು ಕಥೆ, ಸಪ್ಲಾಯರನದೊಂದು, ಅಡಿಗೆ ಭಟ್ಟರದು ಮತ್ತೊಂದು. ಕೆಲಸ ಹೋಗುವುದು ಮಾತ್ರ, ಯಾರೂ ಮಾತಾಡಿಸದ ಕ್ಲೀನರ್ ಹುಡುಗನದು.

ಚಿತ್ರವನ್ನು ಮೆಚ್ಚುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಇನ್ನು ಯಾರ ಮೇಲಾದರೂ ಕಳವಿನ ಮಾತು ಬಂದಾಗ, ತೀರ್ಪಿಗೆ ಮೊದಲು ಆ ಹುಡುಗ ಕಂಡದ್ದನ್ನೂ ಕೇಳೋಣ.